ಕಾಕುವನ್ನು ಮೂರು ಸಲ ಕರೆಯಬೇಕು

ನಮ್ಮ ಕಾಕುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಲಂಡನ್ನಿನ ಹೌನ್ಸ್ಲೋದ ಅರ್ಧಕ್ಕರ್ಧ ಜನ ನಂಬಿದ್ದರು. ಶುದ್ಧ ಸುಳ್ಳು! ನಾಲ್ಕು ಮನೆಯಾಚೆ ಯಾರ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಕೂತಲ್ಲೇ ಹೇಳುವ ಕಿವಿ ಅದು. ಕೇಳಿಸಿದರೂ ಓಗೊಡದಿರುವುದು ಅವಳ ವ್ರತ. ಒಬ್ಬರೇ ಮೂರು ಸಲ ಕರೆದರೆ ಮಾತ್ರ "ಓ". ಯಾಕೆ ಗೊತ್ತೇ? ದೆವ್ವ ಗುರುತಿನವರ ದನಿಯಲ್ಲೇ ಕರೆಯುತ್ತದೆಯಂತೆ, ಆದರೆ ಮೂರನೇ ಸಲ ಕರೆಯಲು ಅದಕ್ಕೆ ಆಗುವುದಿಲ್ಲವಂತೆ. ಮೊದಲ ಕರೆಗೇ ಓ ಎಂದವರು ಅದರ ಹಿಂದೆ ಹೊರಟರೆಂದೇ ಲೆಕ್ಕ!

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ವಿಜಾಪುರದಿಂದ ಮದುವೆಯಾಗಿ ಬಂದವಳು, ಫೆಲ್ಥಮ್ಮಿನಲ್ಲಿ ವಿಮಾನದ ಊಟದ ಟ್ರೇ ಜೋಡಿಸುವ ಕೆಲಸ. ಒಮ್ಮೆ ನಾನು ಕೆಣಕಿದೆ.

"ಅಲ್ಲ ಕಾಕೂ, ಇಲ್ಲೀ ದೆವ್ವಕ್ಕ ಕನ್ನಡ ಹೆಂಗ ಬರ್ತದ?"

"ಯಾಕ, ನಾ ಇಲ್ಲಿ ಬಂದು ಇಂಗ್ಲಿಷ್ ಕಲೀಲಿಲ್ಲೇನು? ಸತ್ತವರಿಗೆ ಕೆಲಸಾ ಬೊಗಸಿ ಏನದ! ಕಲೀತಾವ."

ಈ ವ್ರತದಿಂದಾದ ದೊಡ್ಡ ಅನಾಹುತವೆಂದರೆ ಕಿವಿಯ ಪರೀಕ್ಷೆ. ನಮ್ಮ ಬಡಾವಣೆಯ ಡಾಕ್ಟರು ತಮ್ಮ ಕೋಣೆಯ ಬಾಗಿಲಿಗೆ ಬಂದು ಹೆಸರು ಕರೆದರು. ಕಾಕು ಅಲ್ಲಾಡಲಿಲ್ಲ. ಇನ್ನೊಮ್ಮೆ ಕರೆದರು. ಕಾಕು ಗೋಡೆಯ ಮೇಲಿನ ಫ್ಲೂ ಪೋಸ್ಟರನ್ನು ಭಕ್ತಿಯಿಂದ ಓದುತ್ತಿದ್ದಳು. ಪಾಪ, ಅವರು ಹತ್ತಿರ ಬಂದು ಭುಜ ಮುಟ್ಟಿ ಒಳಗೆ ಕರೆದೊಯ್ದು, ಮೊದಲು ಕಿವಿ ತೋರಿಸಿ ಎಂದು ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, ಬೀಪ್ ಕೇಳಿಸಿದಾಗಲೆಲ್ಲ ಒತ್ತಿ ಎಂದರು. ಕಾಕು ಏನು ಮಾಡಿರಬಹುದು ಹೇಳಿ? ಮೂರು ಬೀಪಿಗೆ ಒಂದು ಸಲ ಒತ್ತಿದಳು! ಎರಡೂ ಕಿವಿಗೆ ಯಂತ್ರ ಬಂತು. ಅವು ಇವತ್ತಿಗೂ ಮೆಂತ್ಯದ ಡಬ್ಬಿಯಲ್ಲಿ ಕ್ಷೇಮವಾಗಿವೆ.

ಇಂಥವಳನ್ನು ನಾನು ಹೊಲದಲ್ಲಿ ಕಳೆದುಕೊಂಡೆ.

ಕ್ರಿಸ್‌ಮಸ್ ಮುಗಿದ ಭಾನುವಾರ ನಮ್ಮವರನ್ನೆಲ್ಲ ಕಲೆಹಾಕಿ ಊರಾಚೆ ನಡೆಸುವುದು ಅವಳ ಗಂಡ, ನಮ್ಮ ಕಾಕಾನ ಹುಚ್ಚು. "ಈ ದೇಶದ ಅನ್ನಾ ಉಂಡ ಮ್ಯಾಲ ಇಲ್ಲೀ ಕೆಸರೂ ತುಳೀಬೇಕು" ಎನ್ನುತ್ತಿದ್ದ. ಆ ವರ್ಷ ಮಾರ್ಚಿನಲ್ಲಿ ಕಾಕಾ ಹೋಗಿಬಿಟ್ಟ. ಕಾಕು ಅಳಲಿಲ್ಲ. ಹದಿಮೂರನೇ ದಿನ ಮುಗಿದದ್ದೇ ಕೆಲಸಕ್ಕೆ ಹೋದಳು. ಕೆಲಸ ಬಿಟ್ಟರೆ ಮನೆ, ಮನೆಯಲ್ಲಿ ಮಾತಿಲ್ಲ. ಮೂರು ಸಲ ಕರೆದರೂ ಬರಿಯ "ಹೂಂ". ಬೆಂಗಳೂರಿನವಳಾದ ನನ್ನ ಹೆಂಡತಿ ಡಿಸೆಂಬರಿನಲ್ಲಿ ಖಡಾಖಂಡಿತವಾಗಿ ಹೇಳಿದಳು: "ಹೀಗೇ ಬಿಟ್ರೆ ಅವರು ನಮಗೆ ಉಳಿಯಲ್ಲ ರೀ. ಈ ಸಲ ವಾಕ್ ನೀವೇ ಮಾಡ್ಸಿ. ಅವರನ್ನ ಹೊರಗೆ ಕರ್ಕೊಂಡು ಹೋಗಿ, ಜೋಪಾನವಾಗಿ ವಾಪಸ್ ಕರ್ಕೊಂಡು ಬನ್ನಿ. ಅಷ್ಟೇ."

ಅಷ್ಟೇ! ಟ್ಯೂಬ್ ರೈಲಿನ ನಕ್ಷೆ ಬಿಟ್ಟರೆ ಬೇರೆ ನಕ್ಷೆ ಓದಲು ಬಾರದವನಿಗೆ!

ಲಂಡನ್ನಿನ ಅಂಚಿನ ಸಟನ್ ದಾಟಿ ಬಸ್ಸಿಳಿದಾಗ ಮಧ್ಯಾಹ್ನ ಎರಡು ಗಂಟೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ನನ್ನ ಆಫೀಸಿನ ಇಬ್ಬರು ಬೆಂಗಳೂರಿನವರು, ಜೊತೆಗೆ ಕಾಕು. ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಮೊಣಕಾಲುದ್ದದ ರಬ್ಬರ್ ಬೂಟು, ಮೇಲೆ ಮಂಕಿ ಕ್ಯಾಪು. ಮೊದಲ ಗೇಟಿನಲ್ಲೇ ಆಫೀಸಿನವರಲ್ಲೊಬ್ಬನ ಹೊಸ ಬಿಳಿ ಶೂ ಕೆಸರಿನಲ್ಲಿ ಉಳಿದು ಕಾಲು ಮಾತ್ರ ಮುಂದೆ ಹೋಯಿತು.

"ಇದೆಂಥ ಕೆಸರು ಆಂಟಿ!"

"ಇದೂ ಒಂದು ಕೆಸರೇನೋ? ನಮ್ಮ ಎರಿ ಹೊಲಕ್ಕ ಬಾ. ಎತ್ತಿನ ಕಾಲ ಸುದ್ದಾ ಬಿಡೂದಿಲ್ಲ."

ಒಂಬತ್ತು ತಿಂಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಆ ಖುಷಿಯಲ್ಲಿ ನಾನು ದಾರಿ ನೋಡುವುದನ್ನು ಮರೆತೆ.

ಮಂಜು ಯಾವಾಗ ಇಳಿಯಿತೋ ತಿಳಿಯಲಿಲ್ಲ. ಮೊದಲು ದೂರದ ಮರಗಳು ಹೋದವು, ಆಮೇಲೆ ಹತ್ತಿರದವು. ಬೇಲಿಯಾಚೆ ಬಿಳಿ ಕುದುರೆಯ ತಲೆಯೊಂದೇ ತೇಲುತ್ತಿತ್ತು. ಉಸಿರು ಕೇಳಿಸುತ್ತಿತ್ತು, ಮೈ ಇರಲಿಲ್ಲ. ನಾವಾಡಿದ ಮಾತು ಎಡಗಡೆಯಿಂದ ತಿರುಗಿ ಬರುತ್ತಿತ್ತು. ನಾವೆಲ್ಲ ನಿಂತ ಮೇಲೂ ಹಿಂದೆ ಯಾರೋ ಕೆಸರಿನಿಂದ ಕಾಲು ಕಿತ್ತಿಟ್ಟ ಸದ್ದು. ತಿರುಗಿ ನೋಡಿದರೆ ಯಾರೂ ಇಲ್ಲ.

ಆಗ ಎಲ್ಲಿಂದಲೋ ಒಬ್ಬ ಹೆಂಗಸು ಕೂಗಿದಳು. "ಮಾಲೀ!" ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಮಾಲೀ!"

"ಇಟ್ಸ್ ಹರ್ ಡಾಗ್, ಡ್ಯಾಡ್," ಎಂದಳು ಮಗಳು.

ನಾಯಿ ಬೊಗಳಲಿಲ್ಲ. ನಾವು ಮೂರನೇ ಕೂಗಿಗಾಗಿ ಕಾದೆವು. ನಗಬೇಡಿ, ನೀವಾಗಿದ್ದರೂ ಕಾಯುತ್ತಿದ್ದಿರಿ! ಅದು ಬರಲೇ ಇಲ್ಲ.

"ಎರಡ ಸಲ," ಎಂದು ಕಾಕು ಪಿಸುಗುಟ್ಟಿದಳು. "ಯಾರೂ ಓ ಅನಬ್ಯಾಡ್ರಿ."

ಪ್ರೋಗ್ರಾಮ್ ಬರೆದು ಲೋಕವನ್ನೇ ನಡೆಸುವ ಇಬ್ಬರೂ ಬೆಂಗಳೂರಿನವರು ನನ್ನ ಜಾಕೆಟ್ಟಿನ ಒಂದೊಂದು ತುದಿ ಹಿಡಿದುಕೊಂಡರು. ಹಾಗೇ ಒಬ್ಬರಿಗೊಬ್ಬರು ಅಂಟಿಕೊಂಡು ಇನ್ನೊಂದು ಗೇಟು ದಾಟಿದೆವು. ದಾಟಿ ತಿರುಗಿದರೆ ಕಾಕು ಇಲ್ಲ!

"ಕಾಕೂ!" ಎಂದೆ ನಾನು. "ಕಾಕೂ!" ಎಂದಳು ಹೆಂಡತಿ. "ಆಂಟೀ!" "ಆಂಟೀ!" "ಅಜ್ಜೀ!"

"ಅಯ್ಯೋ, ಎಲ್ಲರೂ ಸುಮ್ನಿರಿ!" ಎಂದು ಹೆಂಡತಿ ಗದರಿದಳು. "ಒಬ್ಬೊಬ್ಬರು ಒಂದೊಂದು ಸಲ ಕೂಗಿದ್ರೆ ಅವರ ಲೆಕ್ಕಕ್ಕೆ ನಾವೈದೂ ಜನ ದೆವ್ವಗಳೇ! ನೀವೊಬ್ಬರೇ ಕರೀರಿ, ಮೂರು ಸಲ."

ನಿಜವೇ. ನಾನು ಉಸಿರು ತೆಗೆದುಕೊಂಡು ಕರೆದೆ. ಕಾಕೂ. ಕಾಕೂ. ಕಾಕೂ. ಒಂದೊಂದನ್ನೂ ಬಿಡಿಸಿ, ಸ್ಪಷ್ಟವಾಗಿ.

ಮಂಜಿನಿಂದ ಏನೂ ಬರಲಿಲ್ಲ.

ನಮ್ಮ ನಗೆಯೆಲ್ಲ ಅಲ್ಲಿಗೆ ನಿಂತಿತು. ಮೂರನೇ ಕರೆಗೂ ಕಾಕು ಹೂಂ ಕೂಡ ಎನ್ನದಿದ್ದದ್ದು ನನಗೆ ತಿಳಿದಂತೆ ಅದೇ ಮೊದಲು. ಬಿದ್ದಳೋ? ಹಳ್ಳವೇನಾದರೂ ಇದೆಯೋ? ಗಂಟೆ ಮೂರೂವರೆ, ಬೆಳಕು ಆಗಲೇ ಇಳಿಯುತ್ತಿತ್ತು. ಅವರನ್ನೆಲ್ಲ ಗೇಟಿನ ಹತ್ತಿರವೇ ನಿಲ್ಲಿಸಿ ನಾನೊಬ್ಬನೇ ಬಂದ ದಾರಿಯಲ್ಲಿ ಹಿಂದಕ್ಕೆ ಓಡಿದೆ. ಹತ್ತು ಹೆಜ್ಜೆಗೆ ಗೇಟು ಕಾಣದಾಯಿತು, ಇಪ್ಪತ್ತಕ್ಕೆ ನನ್ನ ಕಾಲೇ ಕಾಣದಾಯಿತು. ಒಂಬತ್ತು ತಿಂಗಳಲ್ಲಿ ಕಾಕಾ, ಕಾಕು ಇಬ್ಬರನ್ನೂ ಕಳೆದುಕೊಂಡೆನಲ್ಲ! ಕಾಕೂ ಎನ್ನಲು ಹೋದವನು, ಹೆದರಿಕೆಯಲ್ಲಿ, ಒಂದೇ ಸಲ ಚೀರಿದೆ:

"ಎಲ್ಲಿದ್ದೀ?"

"ಬಂದೇರೀ!"

ತಟ್ಟನೆ, ಬಲಗಡೆಯಿಂದ. ಎಷ್ಟು ಎಳೆಯ ದನಿ ಅದು! ಕೆಸರನ್ನು ಪಚಪಚ ತುಳಿಯುತ್ತ, ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹೆಚ್ಚುಕಡಿಮೆ ಓಡುತ್ತಲೇ ಕಾಕು ಮಂಜಿನಿಂದ ಹೊರಬಂದಳು. ನನ್ನನ್ನು ನೋಡಿದಳು. ನಿಂತುಬಿಟ್ಟಳು.

ನಮ್ಮ ಮನೆಯ ಗಂಡಸರದ್ದೆಲ್ಲ ಒಂದೇ ದನಿ. ಫೋನಿನಲ್ಲಿ ನನ್ನನ್ನು ಕಾಕಾ ಎಂದುಕೊಂಡು ಮಾತಾಡಿದವರು ಎಷ್ಟು ಜನವೋ. ಕಾಕಾ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತ "ಎಲ್ಲಿದ್ದೀ?" ಎನ್ನುತ್ತಿದ್ದ, ಅಷ್ಟೇ.

"ನೀ ಏನೋ?" ಎಂದಳು ಕಾಕು.

"ಹೂಂ, ನಾನ." ನಾನು ನಾನಾಗಿದ್ದಕ್ಕೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. "ಮೂರು ಸಲ ಕರದ್ನಲ್ಲ ಕಾಕೂ, ಕೇಳಿಸಲಿಲ್ಲೇನು?"

"ಕೇಳಿಸ್ತು. ಬರೂ ಮನಸ ಇರಲಿಲ್ಲ."

ಅಷ್ಟು ಹೇಳಿ ಅವಳು ಅತ್ತಳು. ಮಾರ್ಚಿನಲ್ಲಿ ಅಳಬೇಕಾಗಿದ್ದನ್ನೆಲ್ಲ ಆ ಕೆಸರಿನಲ್ಲಿ ನಿಂತು ಅತ್ತಳು. ನಾನು ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ. ನಾನೂ ಅತ್ತೆ. ದೂರದಲ್ಲಿ ಹೆಂಡತಿ ನಮ್ಮಿಬ್ಬರನ್ನೂ ಕೂಗುವುದು ಕೇಳಿಸುತ್ತಿತ್ತು.

"ನಡಿ ಕಾಕೂ, ಮನಿಗೆ ಹೋಗೂಣು."

"ತಡಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಮ್ಮೆ ಕರಿಯೋ."

"ಕಾಕೂ ಅಂತೇನು?"

"ಅಲ್ಲೋ. ಈಗ ಕರದ್ಯಲ್ಲ, ಹಂಗ."

ನನ್ನ ಮುಖ ಅವಳಿಗೆ ಕಾಣಬಾರದೆಂದು ಆ ಕಡೆ ತಿರುಗಿ ನಿಂತೆ.

"ಎಲ್ಲಿದ್ದೀ?"

"ಇಲ್ಲೇ ಇದ್ದೀನ್ರೀ," ಎಂದಳು ಕಾಕು.