ಹುಳಕ್ಕೆ ಜ್ವರ, ಮೀನಿಗೆ ಹಬ್ಬ

ಹೊಳಲೂರಿನ ನಮ್ಮ ಹೊಲದಲ್ಲಿ ರೇಷ್ಮೆ ಹುಳದ ಮನೆ, ಅದರ ಪಕ್ಕದಲ್ಲೇ ಮೀನಿನ ಹೊಂಡ. ಎರಡಕ್ಕೂ ಊಟ ಹಾಕುವವಳು ನಾನೇ. ಹುಳಕ್ಕಾಗಲಿ ಮೀನಿಗಾಗಲಿ ಬಾಯಿ ಇರುವುದು ತಿನ್ನುವುದಕ್ಕೆ ಮಾತ್ರ, ಒಂದು ಮಾತೂ ಆಡುವುದಿಲ್ಲ. ಆದರೂ ಅವುಗಳ ದೆಸೆಯಿಂದ ನಮ್ಮ ಮನೆಯಲ್ಲಿ ಆಗಾಗ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ.

ನಾಲ್ಕನೇ ಜ್ವರ

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು, ಅಲ್ಲಾಡದೆ ಮಲಗಿ, ಪೊರೆ ಕಳಚುತ್ತದೆ. ಅದಕ್ಕೆ ನಾವು ‘ಜ್ವರ’ ಅನ್ನುತ್ತೇವೆ. ಒಮ್ಮೆ ಭದ್ರಾವತಿಯಿಂದ ಯಜಮಾನರ ಸೋದರತ್ತೆ ನಾಮಕರಣಕ್ಕೆ ಕರೆಯಲು ಫೋನ್ ಮಾಡಿದರು. ಇವರು, “ಬರಕ್ಕಾಗಲ್ಲ ಅತ್ತೆ, ಇಲ್ಲಿ ನಾಲ್ಕನೇ ಜ್ವರ. ಊಟ ಬಿಟ್ಟು ಮಲಗಿದ್ದಾಯ್ತು. ಇವಳು ಪಕ್ಕ ಬಿಟ್ಟು ಏಳ್ತಿಲ್ಲ” ಅಂದು ಫೋನ್ ಇಟ್ಟರು.

ಮಾರನೇ ದಿನ ಅತ್ತೆ ಆಟೋದಿಂದ ಇಳಿದರು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಮೋಸಂಬಿ. ನಾವಿಬ್ಬರೂ ಜಗುಲಿಯಲ್ಲಿ ಕೂತು ಮಂಡಕ್ಕಿ ಮೆಲ್ಲುತ್ತಿದ್ದೆವು.

“ಜ್ವರ ಯಾರಿಗೆ ಮಾರಾಯ್ತಿ?”

ಹುಳದ ಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅಷ್ಟು ಹೊತ್ತಿಗೆ ಜ್ವರ ಬಿಟ್ಟೆದ್ದ ಹುಳಗಳು ಸರಸರನೆ ಸೊಪ್ಪು ಮೇಯುತ್ತಿದ್ದವು. ಇನ್ನು ಬೈಗುಳ ಖಂಡಿತ ಅಂತ ತಲೆ ತಗ್ಗಿಸಿ ನಿಂತೆ. ಅತ್ತೆ ಮಾತ್ರ ಎರಡೂ ಕೈ ಮುಗಿದು ಅಂದರು:

“ನಿನ್ನೆ ನಿಮಗೋಸ್ಕರ ಹರಕೆ ಹೊತ್ತಿದ್ದೆ ಕಣೆ. ಶಿವ ಇಷ್ಟು ಜನಕ್ಕೂ ಒಟ್ಟಿಗೇ ವಾಸಿ ಮಾಡಿದಾನೆ ನೋಡು!”

ಮೂಟೆಯ ಮಹಿಮೆ

ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳವನ್ನು ಒಣಗಿಸಿ, ಪುಡಿ ಮಾಡಿ, ತೌಡಿಗೆ ಬೆರೆಸಿ ಹಾಕಿದರೆ ಮೀನಿಗೆ ಹಬ್ಬದೂಟ. ಒಣಗುವವರೆಗೆ ಅದರ ವಾಸನೆ ಮಾತ್ರ ಯಾರಿಗೂ ಬೇಡ. ಭದ್ರಾವತಿಯಲ್ಲಿ ನೂಲು ತೆಗೆಯುವವರ ಹತ್ತಿರ ಒಂದು ಮೂಟೆ ತೆಗೆದುಕೊಂಡು ಆಟೋ ಹತ್ತಿದೆ.

ಡ್ರೈವರ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೇಳಿದರು: “ಅಕ್ಕಾ, ನನ್ನ ಮೇಲೆ ಕೇಸ್ ಗೀಸ್ ಆಗಲ್ಲ ತಾನೆ?”

“ಮೀನಿನ ಊಟ ಕಣಪ್ಪ.”

“ಯಾ ಅಲ್ಲಾ! ಪಾಪ ಮೀನು!”

ದಾರಿಯುದ್ದಕ್ಕೂ ಗೊಣಗಿದ್ದೇ ಗೊಣಗಿದ್ದು. ಶಿವಮೊಗ್ಗ ಇನ್ನೇನು ಬಂತು ಅನ್ನುವಾಗ ಪೊಲೀಸರು ಕೈ ಅಡ್ಡ ಹಿಡಿದರು. ಒಬ್ಬರು “ಪೇಪರ್ ತೆಗಿ” ಅನ್ನುತ್ತಾ ಒಳಗೆ ತಲೆ ಹಾಕಿದರು. ಹಾಕಿದ ತಲೆಯನ್ನು ಅಷ್ಟೇ ವೇಗದಲ್ಲಿ ಹೊರಗೆಳೆದುಕೊಂಡು, “ಹೋಗ್ರಿ, ಹೋಗ್ರಿ, ಮೊದಲು ಇಲ್ಲಿಂದ ಹೋಗ್ರಿ!” ಅಂದರು.

ಸ್ವಲ್ಪ ದೂರ ಬಂದ ಮೇಲೆ ಡ್ರೈವರ್ ಕರ್ಚೀಫು ಬಿಚ್ಚಿ ನನ್ನತ್ತ ತಿರುಗಿದರು. “ಅಕ್ಕಾ, ಮುಂದಿನ ಸಲಾನೂ ನನಗೇ ಫೋನ್ ಮಾಡಿ. ಈ ಮೂಟೆ ಇದ್ರೆ ಗಾಡಿಗೆ ಇನ್ಶೂರೆನ್ಸೇ ಬೇಡ!”

ಗ್ಯಾರಂಟಿ ಮೀನು

ಮೊದಲ ಸಲ ಬಲೆ ಹಾಕುವ ದಿನ ಬಂತು. “ಈ ಮೀನು ಮಾರಾಟ ಆಗದಿದ್ರೆ ಹೊಂಡ ಮುಚ್ಚಿ ಅಲ್ಲೂ ಸೊಪ್ಪೇ ಬೆಳೆಯೋಣ” ಅಂತ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ಬಲೆ ಮೇಲೆ ಬಂದಾಗ ನೋಡಿದರೆ, ತೋಳುದ್ದದ ಕಾಟ್ಲಾ ಮೀನುಗಳು! ನಾನು ಬದುವಿನ ಮೇಲೇ ಕುಣಿದುಬಿಟ್ಟೆ.

ಕೊಳ್ಳಲು ಬಂದವರು ಭದ್ರಾವತಿ ಓಲ್ಡ್ ಟೌನಿನ ಮೀನು ವ್ಯಾಪಾರಿ ಸಾಹೇಬರು. ಕಿವಿರು ಎತ್ತಿ ನೋಡಿದರು, ಬೆನ್ನು ಒತ್ತಿ ನೋಡಿದರು, ಆಮೇಲೆ ಕೇಳಿದರು: “ಮಾಲು ಚೆನ್ನಾಗಿದೆ ಅಮ್ಮಾ. ರುಚಿ ಹೇಗೆ?”

“ಗೊತ್ತಿಲ್ಲ ಸಾಹೇಬ್ರೆ. ನಮ್ಮ ಮನೇಲಿ ಮೀನು ತಿನ್ನಲ್ಲ.”

“ಒಂದೂ ತಿಂದಿಲ್ವಾ?”

“ಒಂದೂ ಇಲ್ಲ.”

ಯಜಮಾನರು ಹಣೆ ಚಚ್ಚಿಕೊಂಡರು. ವ್ಯಾಪಾರ ಕೆಟ್ಟಿತು ಅಂತ ನಾನೂ ಅಂದುಕೊಂಡೆ. ಸಾಹೇಬರು ಗಡ್ಡ ಸವರಿಕೊಂಡು ಒಂದು ಗಳಿಗೆ ಯೋಚಿಸಿದರು. “ಪೂರಾ ಮಾಲು ನನಗೇ ಇರಲಿ” ಅಂದವರೇ ಅಷ್ಟನ್ನೂ ಗಾಡಿಗೆ ತುಂಬಿಸಿಬಿಟ್ಟರು!

ನಮಗೆ ನಂಬಿಕೆಯೇ ಬರಲಿಲ್ಲ. ಹೇಗೆ ಮಾರುತ್ತಾರೋ ನೋಡೋಣ ಅಂತ ಮರುದಿನ ಬೆಳಿಗ್ಗೆ ಓಲ್ಡ್ ಟೌನಿಗೆ ಹೋದೆವು. ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಸಾಹೇಬರು ಒಂದು ಕಾಟ್ಲಾವನ್ನು ತಲೆಯ ಮೇಲೆತ್ತಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು:

“ಬನ್ನಿ, ಬನ್ನಿ! ಬೆಳೆಸಿದೋರು ಅಪ್ಪಟ ಸಸ್ಯಾಹಾರಿಗಳು! ದೊಡ್ಡದನ್ನ ಮನೆಗೆ ಇಟ್ಕೊಂಡು ಸಣ್ಣದನ್ನ ಮಾರೋ ಜನ ಅಲ್ಲ!”