ನೇರ ಪೈಪು, ಸೊಟ್ಟ ರಬ್ಬರ್ ಗಿಡ

ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಗೆ ಹೋದರೆ ಊಟಕ್ಕೆ ಕೂರುವ ಮೊದಲು ಎಲೆಗಳ ಸಾಲು ಸರಿಮಾಡುತ್ತೇನೆ. ಆಸ್ಪತ್ರೆಗೆ ಹೋದರೆ ಬಾಗಿಲ ಹೊರಗಿನ ಚಪ್ಪಲಿಗಳನ್ನು. ಇದರಲ್ಲಿ ಅರ್ಧ ತಪ್ಪು ನಮ್ಮಪ್ಪನದು. ಹಿಂದೂಪುರದಲ್ಲಿ ನಮ್ಮದು ಮಗ್ಗದ ಮನೆ. ಮಗ್ಗಕ್ಕೆ ಉದ್ದುದ್ದ ಎಳೆದ ಹಾಸಿನ ಒಂದು ಎಳೆ ಅತ್ತಿತ್ತ ಸರಿದರೂ ಅಪ್ಪ ಮೊದಲು ಸೀರೆಯನ್ನು ನೋಡುತ್ತಿದ್ದರು, ಆಮೇಲೆ ನನ್ನ ಕಿವಿ ಹಿಡಿಯುತ್ತಿದ್ದರು. ಉಳಿದರ್ಧ ನೌಕರಿಯದು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ನಿವೃತ್ತನಾದ ಮೇಲೆ ಯಾರನ್ನು ನಿಲ್ಲಿಸಬೇಕು?

ಅದಕ್ಕೇ ರಬ್ಬರ್ ಗಿಡ ನೆಟ್ಟೆ. ಮನೆ ಕಲ್ಯಾಣದುರ್ಗದಲ್ಲಿ, ಹೊಲ ಬ್ರಹ್ಮಸಮುದ್ರದ ದಾರಿಯಲ್ಲಿ. ಶೇಂಗಾ ಬಿಟ್ಟು ಬೇರೆ ಕಾಣದ ಆ ನೆಲದಲ್ಲಿ ರಬ್ಬರ್ ಎಂದಾಗ ಬಸ್ ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ ನಕ್ಕ. ಪುತ್ತೂರಿನ ಕಡೆ ರಬ್ಬರ್ ತೋಟ ನೋಡಿಕೊಳ್ಳುವ ನನ್ನ ಹೆಂಡತಿಯ ತಮ್ಮ ನಲವತ್ತು ಸಸಿ ಕೊಟ್ಟ. ಕೊಡುವಾಗಲೇ, ಭಾವ, ನಿಮ್ಮ ಬಿಸಿಲಿಗೆ ಇವು ಒಂದು ಬೇಸಿಗೆ ದಾಟಿದರೆ ಹೆಚ್ಚು ಎಂದ. ಆ ಧಾಟಿ ನನಗೆ ಹಿಡಿಸಲಿಲ್ಲ. ಒಂದೂ ಸಾಯಕೂಡದು ಎಂದು ಅಂದೇ ನಿಶ್ಚಯಿಸಿದೆ.

ಹಗ್ಗ ಕಟ್ಟಿ ಗುರುತು ಹಾಕಿದೆ. ಆದರೆ ಗುದ್ದಲಿಗೆ ಅಲ್ಲಲ್ಲಿ ಬಂಡೆ ತಗುಲಿ, ಗುಂಡಿ ತೋಡುವವರು ಒಂದನ್ನು ಎರಡಡಿ ಎಡಕ್ಕೂ ಇನ್ನೊಂದನ್ನು ಬಲಕ್ಕೂ ತೆಗೆದರು. ಗಿಡಗಳು ಪ್ರಾರ್ಥನೆಗೆ ತಡವಾಗಿ ಓಡಿಬಂದ ಮಕ್ಕಳಂತೆ ನಿಂತವು. ಪೈಪಾದರೂ ನೇರವಿರಲಿ ಎಂದು ಎಂಟು ಡ್ರಿಪ್ ಪೈಪುಗಳನ್ನು ಮಗ್ಗಕ್ಕೆ ಹಾಸು ಎಳೆದ ಹಾಗೆ ಎಳೆದೆ. ಹೊಲ ನೋಡಿಕೊಳ್ಳುವ ಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ನೀರು ಬೀಳುವುದು ಒಂದು ಕಡೆ, ಗಿಡ ಇರುವುದು ಇನ್ನೊಂದು ಕಡೆ ಎಂದು ಅವಳ ತಕರಾರು. ನೆಲದೊಳಗೆ ನೀರು ತಾನೇ ದಾರಿ ಹುಡುಕಿಕೊಳ್ಳುತ್ತದೆ ಎಂದು ಪಾಠ ಮಾಡಿದೆ. "ಸರ್ಲೇ ಸಾರ್, ಹಂಗೇ ಆಗ್ಲಿ" ಎಂದಳು. ಅಷ್ಟು ಬೇಗ ಒಪ್ಪಿದಾಗಲೇ ನಾನು ಅನುಮಾನ ಪಡಬೇಕಿತ್ತು.

ಮೊದಲ ಬಸ್ಸಿಗೆ ಹೊರಟು, ಏಳಕ್ಕೆ ಸಾಲುಗಳ ತಪಾಸಣೆ, ಎಂಟಕ್ಕೆ ವಾಪಸ್ ಬಸ್: ಇದು ನನ್ನ ದಿನಚರಿ. ಬೋರಿಗೆ ಕರೆಂಟು ಬರುವುದು ಒಂಬತ್ತಕ್ಕೆ. ನೀರು ಬಿಡುವವಳು ಗಂಗಮ್ಮ. ಬಿಸಿಲು ಏರಿತು, ಗಿಡಗಳು ಹಸಿರಾಗಿಯೇ ಇದ್ದವು. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ನೇರ ಪೈಪಿನ ಮಹಿಮೆ ಹೇಳಿದೆ. ಸೆಟ್ಟೂರಿನವರೊಬ್ಬರು ಎದ್ದು ಹಿಂದಿನ ಸೀಟಿಗೆ ಹೋದರು.

ಒಂದು ದಿನ ತೋಟದಲ್ಲಿ ಕನ್ನಡಕ ಮರೆತು ಬಂದೆ. ಹತ್ತಕ್ಕೆ ಮತ್ತೆ ಹೋಗಿ ನೋಡಿದರೆ ನನ್ನ ಎಂಟೂ ಪೈಪುಗಳು ಗಿಡದಿಂದ ಗಿಡಕ್ಕೆ ಬಳುಕುತ್ತಾ ಬಿದ್ದಿದ್ದವು. ಪ್ರತಿ ಬುಡದಲ್ಲೂ ನೀರು ತೊಟ್ಟಿಕ್ಕುತ್ತಿತ್ತು. ಬೇವಿನ ನೆರಳಲ್ಲಿ ಮುದ್ದೆ ತಿನ್ನುತ್ತಿದ್ದ ಗಂಗಮ್ಮ ನಿಧಾನವಾಗಿ ಎದ್ದಳು. ಇದೇನು ಎಂದು ಕೇಳಿದೆ.

"ಗಿಡಕ್ಕೆ ಕಾಲಿಲ್ಲ ಕಣ್ ಸಾರ್, ಪೈಪೇ ಅದ್ರ ತಾವ್ಕೆ ಹೋಗ್ಬೇಕು. ನೀವ್ ಬರೋ ಹೊತ್ಗೆ ಎಲ್ಲಾ ನೆಟ್ಟಗ್ ಮಾಡಿ ಮಡಗ್ತೀನಲ್ಲ, ಏನ್ ಕಮ್ಮಿ ಆಯ್ತು?"

ಯಾವಾಗಿನಿಂದ ಎಂದೆ. ಮೊದಲ ದಿನದಿಂದ ಎಂದಳು.

ಬೇಸಿಗೆ ಮುಗಿದ ಮೇಲೆ ಹೆಂಡತಿಯ ತಮ್ಮ ಬಂದು ನಲವತ್ತು ಗಿಡವನ್ನೂ ಮುಟ್ಟಿ ನೋಡಿ, ನೀವು ಗೆದ್ದಿರಿ ಭಾವ ಎಂದ. ಗಂಗಮ್ಮನ ಹೆಸರು ನನ್ನ ಗಂಟಲವರೆಗೆ ಬಂತು; ಕಾಫಿ ಜೊತೆ ಒಳಗೆ ಹೋಯಿತು. ಮಾರನೇ ದಿನ, ಇನ್ನು ಪೈಪು ನೆಟ್ಟಗೆ ಮಾಡುವ ಶ್ರಮ ಬೇಡ ಎಂದು ಅವಳಿಗೆ ಹೇಳಲೆಂದೇ ಹೊರಟೆ. ಸೊಟ್ಟ ಸಾಲುಗಳನ್ನು ನೆನೆಸಿಕೊಂಡೆ, ಹೇಳದೆಯೇ ಎಂಟರ ಬಸ್ಸು ಹತ್ತಿದೆ.

ಈಗಲೂ ಏಳಕ್ಕೇ ತೋಟ ಮುಟ್ಟುತ್ತೇನೆ. ಆದರೆ ತಕ್ಷಣ ಒಳಗೆ ಹೋಗುವುದಿಲ್ಲ. ಬೇಲಿಯ ಹೊರಗೆ ನಿಂತು ಎರಡು ಸಲ ಜೋರಾಗಿ ಕೆಮ್ಮುತ್ತೇನೆ. ಪೈಪು ಎಳೆಯುವ ಸದ್ದು ನಿಂತ ಮೇಲೆ ಒಳಗೆ ಹೋಗಿ, ಎಂಟೂ ಸಾಲುಗಳನ್ನು ತಪಾಸಣೆ ಮಾಡಿ, ಎಲ್ಲ ಸರಿಯಾಗಿದೆ ಎನ್ನುತ್ತೇನೆ.