ಮಗು ಕೇಳಬೇಕಾದ ಒಂದು ಗುಂಡು

ಒಂದೇ ವಿಲ್ಲಾಕ್ಕೆ ನಡುನಡುವೆ ಗೋಡೆ ಎಬ್ಬಿಸಿ ಐದಾರು ಸಂಸಾರಕ್ಕೆ ಬಾಡಿಗೆ ಕೊಟ್ಟರೆ, ಅಲ್ಲಿ ಇಂಥವು ಆಗದೆ ಇನ್ನೇನಾಗುತ್ತೆ ಹೇಳಿ. ಕತಾರಿನ ಅಲ್ ಅಜೀಜಿಯಾದಲ್ಲಿರುವ ನಮ್ಮ ವಿಲ್ಲಾದ ಗೋಡೆಗಳು ಎಷ್ಟು ತೆಳು ಅಂದರೆ, ಪಕ್ಕದ ಮನೆಯಲ್ಲಿ ಸೀನಿದರೆ ನಾವು ಈ ಕಡೆಯಿಂದ ಚಿರಂಜೀವಿ ಅನ್ನುತ್ತೇವೆ. ಕದ್ದು ಕೇಳುವ ಚಟ ನನಗಿಲ್ಲ. ಕಿವಿಗೆ ಬಿದ್ದದ್ದನ್ನು ಮರೆಯುವ ಚಟವೂ ಇಲ್ಲ.

ಅಪ್ಪನ ಷರತ್ತು

ಗೋಡೆಯಾಚೆ ಕೊಡಗಿನ ಗಂಡ ಹೆಂಡತಿ. ಅವನು ಕಟ್ಟಡದ ಕಂಪನಿಯಲ್ಲಿ ಎಂಜಿನಿಯರ್, ಅವಳು ಚೊಚ್ಚಲ ಬಸುರಿ. ಕೆನಡಾದಲ್ಲಿ ನೆಲೆಸಲು ಇಬ್ಬರಿಗೂ ಒಪ್ಪಿಗೆ ಬಂದಿತ್ತು. ಹೆರಿಗೆಯೂ ಅಲ್ಲೇ ಅಂತ ತೀರ್ಮಾನ.

ಒಂದು ಸಂಜೆ ನಾನು ಅವಳಿಗೆ ಬಯಕೆಗೆ ಅಂತ ಪುಳಿಯೋಗರೆ ತಗೊಂಡು ಹೋಗಿದ್ದೆ. ಊರಿಂದ ಅವನಪ್ಪನ ಫೋನು ಬಂತು. ಅವರಿಗೆ ಹೃದಯದ ಆಪರೇಷನ್ ಆಗಿತ್ತು, ಡಾಕ್ಟರು ವಿಮಾನ ಹತ್ತಲೇಬಾರದು ಅಂದಿದ್ದರು. ನಾನೂ ಇದ್ದೀನಿ ಅಂತ ಗೊತ್ತಾದ ಮೇಲೆ ಕೊಡವ ಭಾಷೆ ಬಿಟ್ಟು ಕನ್ನಡಕ್ಕೆ ಬಂದರು. ಹೆಚ್ಚು ಜನ ಕೇಳಿಸಿಕೊಂಡರೆ ಅವರಿಗೆ ಖುಷಿ.

"ನಮ್ಮನೇಲಿ ಮಗು ಹುಟ್ಟಿದ್ರೆ ಕೋವಿಯಿಂದ ಒಂದು ಗುಂಡು ಹಾರಿಸ್ಬೇಕು. ಹಿಂದೆ ಗಂಡುಮಗುಗೆ ಮಾತ್ರ ಹಾರಿಸ್ತಿದ್ರು, ನನಗೆ ಆ ಭೇದ ಇಲ್ಲ. ಆದ್ರೆ ಸದ್ದು ಮಗುವಿನ ಕಿವಿಗೆ ಬೀಳ್ಬೇಕು. ಅದನ್ನು ಎತ್ತಿಕೊಳ್ಳೋದಂತೂ ನನ್ನ ಹಣೇಲಿ ಇದೆಯೋ ಇಲ್ವೋ. ಇದೊಂದು ಆಗ್ಲಿ."

"ನೀವು ಅಲ್ಲೇ ಹಾರಿಸಿ ಅಪ್ಪ, ಫೋನಲ್ಲಿ ಕೇಳಿಸ್ತೀನಿ" ಅಂದ ಮಗ.

"ನೀನು ಫೋನಲ್ಲಿ ಮದುವೆ ಆದ್ಯಾ?" ಅಂದರು ಅವರು.

ಹೆಂಡತಿಯ ಸಹಿ

ಅಂದಿನಿಂದ ಅವನಿಗೆ ಕೆನಡಾದ ಮನೆ, ಕೆಲಸ, ಚಳಿ ಯಾವುದೂ ತಲೆಯಲ್ಲಿಲ್ಲ. ಬರೀ ಬಂದೂಕು. ಅದೂ ಎಂಥದ್ದು, ಸೆಮಿ ಆಟೋಮ್ಯಾಟಿಕ್ ರೈಫಲ್. ಒಂದು ಸಲ ಹಾರಿಸಿದ ಕೂಡಲೇ ಮುಂದಿನ ಗುಂಡು ತಾನೇ ಬಂದು ಕೂರುತ್ತಂತೆ. ಮೊದಲನೆಯದು ಟುಸ್ ಅಂದರೆ ಅಪಶಕುನ, ತಡ ಮಾಡದೆ ಇನ್ನೊಂದು ಹಾರಬೇಕು ಅನ್ನೋದು ಇವನ ಲೆಕ್ಕಾಚಾರ.

ಅವನ ಆಫೀಸಿನಲ್ಲಿ ಕೆನಡಾದವನೇ ಒಬ್ಬ ಮ್ಯಾನೇಜರ್ ಇದ್ದ, ಊರಲ್ಲಿ ಬೇಟೆ ಆಡಿ ಬೆಳೆದವನು. ಇವನು ಒಂದು ಮಾಡೆಲ್ ಆರಿಸಿಕೊಂಡು ಅವನ ಮುಂದೆ ಇಟ್ಟ. ಇದು ಕೆನಡಾ ಸರ್ಕಾರದ ನಿಷೇಧದ ಪಟ್ಟಿಯಲ್ಲಿದೆ ಅಂದ ಅವನು. ಇನ್ನೊಂದು ಆರಿಸಿದ. ಇದು ಹೋದ ಸಲ ಇರಲಿಲ್ಲ, ಈಗ ಸೇರಿದೆ. ಮೂರನೆಯದಕ್ಕೆ, ಇವತ್ತು ಸರಿ, ನೀನು ಇಳಿಯೋ ಹೊತ್ತಿಗೆ ಏನಾಗಿರುತ್ತೋ ನನಗೂ ಗೊತ್ತಿಲ್ಲ ಅಂದ. ಟುಸ್ ಆದ ಗುಂಡನ್ನು ಸೆಮಿ ಆಟೋಮ್ಯಾಟಿಕ್ಕಿನಲ್ಲೂ ಕೈಯಿಂದಲೇ ಎಳೆದು ತೆಗೀಬೇಕು ಅಂತಲೂ ಹೇಳಿದ. ಊರೊಳಗೆ ಆಕಾಶಕ್ಕೆ ಗುಂಡು ಹಾರಿಸಿದರೆ ಪಟ್ಟಿ ಗಿಟ್ಟಿ ನೋಡಲ್ಲ, ನಿನ್ನನ್ನೇ ಒಳಗೆ ಹಾಕ್ತಾರೆ ಅಂದ.

ಆ ಮ್ಯಾನೇಜರನ ಚಿಕ್ಕಪ್ಪನ ರೈಫಲ್ಲೂ ಪಟ್ಟಿಗೆ ಸೇರಿತ್ತಂತೆ. ಕೊಂಡಾಗ ಕಾನೂನಿಗೆ ಸರಿ ಇದ್ದದ್ದು, ಈಗ ಬಳಸೋ ಹಾಗಿಲ್ಲ, ಮಾರೋ ಹಾಗಿಲ್ಲ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾನೆ. ಇದು ಕೇಳಿ ನಮ್ಮ ಕೊಡಗಿನವನಿಗೆ ಸಿಟ್ಟು ಬಂತು. ಆದರೆ ಆ ಮ್ಯಾನೇಜರ್, ಅಲ್ಲಿ ಯಾರೋ ಒಬ್ಬ ಅಮಾಯಕರನ್ನು ಸಾಲಾಗಿ ಕೊಂದ ಮೇಲೇ ಈ ಪಟ್ಟಿ ಶುರುವಾಗಿದ್ದು, ಚಿಕ್ಕಪ್ಪನ ಸಂಕಟವೂ ನಿಜ, ಸತ್ತವರ ತಾಯಂದಿರ ಸಂಕಟವೂ ನಿಜ ಅಂದನಂತೆ. ಇದನ್ನು ಹೇಳುವಾಗ ನಮ್ಮವನ ಸಿಟ್ಟು ಇಳಿದಿತ್ತು. ಒಂದು ಊರಿನಲ್ಲಿ ಹೂವಿಟ್ಟು ಪೂಜೆ ಮಾಡುವ ವಸ್ತು ಇನ್ನೊಂದು ಊರಿನಲ್ಲಿ ಮಕ್ಕಳನ್ನು ಬೆಚ್ಚಿಬೀಳಿಸುತ್ತೆ. ಯಾರದ್ದು ತಪ್ಪು ಅಂತ ನಾನು ಹೇಳಲಾರೆ. ಪಟ್ಟಿಯ ವಿಷಯ ಊರಿನ ಅಪ್ಪನಿಗೂ ಫೋನಲ್ಲಿ ಹೇಳಿಯಾಗಿತ್ತು. ನನಗೆ ಆ ಮುದುಕರನ್ನು ನೆನೆಸಿಕೊಂಡು ಪಾಪ ಅನ್ನಿಸಿತು.

"ಲೈಸೆನ್ಸಿಗೆ ಕೋರ್ಸು, ಪರೀಕ್ಷೆ ಎಲ್ಲಾ ಇದೆ. ಹೆಂಡ್ತಿ ಸಹಿನೂ ಕೇಳ್ತಾರಂತೆ" ಅಂದ ಅವನು.

ಸೋಫಾದಲ್ಲಿ ಕಾಲು ಚಾಚಿ ಕೂತಿದ್ದವಳು ತಲೆ ಎತ್ತಿದಳು. "ಹೌದಾ? ಹಾಗಿದ್ರೆ ಇವತ್ತಿಂದ ಪಾತ್ರೆ ನಿಮ್ಮದು."

ಚಹಾದಂಗಡಿಯಲ್ಲಿ ಉಸಿರು ನಿಂತದ್ದು

ಶುಕ್ರವಾರ ನಾವೆಲ್ಲ ಮದೀನತ್ ಖಲೀಫಾದಲ್ಲಿ ಕರಕ್ ಚಹಾ ಕುಡಿಯುತ್ತಿದ್ದೆವು. ಇವನು ಫೋನು ನೋಡಿಕೊಂಡು ರೈಫಲ್ಲುಗಳ ಹೆಸರನ್ನು ಸಹಸ್ರನಾಮದ ಹಾಗೆ ಜೋರಾಗಿ ಓದಲು ಶುರು ಮಾಡಿದ. ನನ್ನ ಗಂಡ ಲೋಟ ಕೆಳಗಿಟ್ಟು ಸುತ್ತಮುತ್ತ ನೋಡಿದರು. "ಮಾರಾಯ, ಇದು ಕತಾರ್. ಬಾಯಿ ಮುಚ್ಚು. ನಮ್ಮನ್ನೂ ಸೇರಿಸಿ ಊರಿಗೆ ಕಳಿಸ್ತಾರೆ" ಅಂದರು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಬಿಳಿ ಗಡ್ಡದವರೊಬ್ಬರು ಎದ್ದು ನೇರ ನಮ್ಮ ಕಡೆಗೇ ಬಂದರು. ಖಲಾಸ್, ಕಥೆ ಮುಗೀತು ಅಂದುಕೊಂಡೆ.

"ನೀವು ಕೋವಿ ವಿಷಯ ಮಾತಾಡುದಲ್ವಾ?" ಅಂದರು, ಅಪ್ಪಟ ಮಂಗಳೂರು ಕನ್ನಡದಲ್ಲಿ. ಬ್ಯಾರಿ ವ್ಯಾಪಾರಿ, ಊರು ಪುತ್ತೂರು ಕಡೆ. ಕುರ್ಚಿ ಎಳೆದು ಕೂತೇಬಿಟ್ಟರು. "ನಮ್ಮ ಮಾವನದ್ದೂ ಇದೇ ಕಥೆ. ಬೆಳೆ ಕಾಯ್ಲಿಕ್ಕೆ ಅಂತ ಲೈಸೆನ್ಸ್ ಕೊಡ್ತಾರೆ. ಎಲೆಕ್ಷನ್ ಬಂದ ಕೂಡ್ಲೇ ಕೋವಿ ಠಾಣೆಯಲ್ಲಿ ಇಡ್ಬೇಕು. ಪಂಚಾಯತಿಗೊಮ್ಮೆ, ಅಸೆಂಬ್ಲಿಗೊಮ್ಮೆ, ಪಾರ್ಲಿಮೆಂಟಿಗೊಮ್ಮೆ. ಈಗ ಎಲೆಕ್ಷನ್ ಯಾವಾಗ ಅಂತ ನಮಗಿಂತ ಮೊದ್ಲು ಕಾಡುಹಂದಿಗಳಿಗೆ ಗೊತ್ತಾಗ್ತದೆ."

ಯಾರು ಹೋದರು?

ಟಿಕೆಟ್ ಕೊಳ್ಳುವ ಮೊದಲೇ ಅವಳಿಗೆ ನೋವು ಬಂತು. ರಂಜಾನ್ ತಿಂಗಳು. ಮಧ್ಯಾಹ್ನ ಆಸ್ಪತ್ರೆಗೆ ಸೇರಿಸಿದೆವು, ಸಂಜೆಗೆ ಹೆಣ್ಣುಮಗು. ದಿನ ತುಂಬುವ ಮೊದಲೇ ಬಂದದ್ದು, ಅಂಗೈ ಅಗಲ ಮುಖ, ಆದರೂ ಗಟ್ಟಿ. ಬಿಡದೆ ಅತ್ತದ್ದನ್ನು ಮಲಯಾಳಿ ನರ್ಸ್ ಸಮಾಧಾನ ಮಾಡಿ ಮಲಗಿಸಿದ್ದಳು.

ಅವನ ಮುಖದಲ್ಲಿ ಸಂತೋಷ ಅರ್ಧ, ಅಳುಕು ಅರ್ಧ. ಅಪ್ಪನಿಗೆ ಫೋನು ಹಚ್ಚಿ, ನನಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದ.

"ಹೆಣ್ಣುಮಗು ಅಪ್ಪ. ಇಬ್ಬರೂ ಚೆನ್ನಾಗಿದ್ದಾರೆ. ಆದ್ರೆ ಗುಂಡು... ಇಲ್ಲಿ ಆಗಲ್ಲ ಅಪ್ಪ. ನನ್ನ ಕೈಲಿ ಆಗ್ಲಿಲ್ಲ."

ಇವನ ಕಣ್ಣು ತುಂಬಿತು.

ಅಷ್ಟರಲ್ಲಿ ಢಮ್ ಅಂತು. ಕಿಟಕಿ ಗಾಜು ಅದುರಿತು. ರಂಜಾನಿನಲ್ಲಿ ಸೂರ್ಯ ಮುಳುಗಿದಾಗ ಉಪವಾಸ ಬಿಡಲು ಇಲ್ಲಿ ಫಿರಂಗಿ ಹಾರಿಸುತ್ತಾರೆ. ಆ ಫಿರಂಗಿ ಆಸ್ಪತ್ರೆಯ ಹಿಂದಿನ ಮೈದಾನದಲ್ಲೇ ಇತ್ತು. ಮಗು ನಿದ್ದೆಯಲ್ಲೇ ಬೆಚ್ಚಿ ಕೈ ಅಗಲಿಸಿತು. ಕೇಳಿಸಿಕೊಂಡಿತ್ತು.

"ಹಾರಿಸಿದ್ರಾ?" ಅಂದರು ಮುದುಕರು. ದನಿ ಒಡೆದಿತ್ತು.

ಅವನು ಬಾಯಿ ತೆರೆಯುವುದರೊಳಗೆ ಮತ್ತೊಂದು ಢಮ್. ಇದು ವಾರ್ಡಿನ ಗೋಡೆಯ ಟೀವಿಯಿಂದ. ಅದೇ ಫಿರಂಗಿಯ ನೇರಪ್ರಸಾರ, ಟೀವಿಗೆ ತಲುಪುವಾಗ ತುಸು ತಡವಾಗಿತ್ತು.

ಕೊಡಗಿನವನ ಮುಖ ಬಿಳಿಚಿಕೊಂಡಿತು. ಮುದುಕರು ಮೆಲ್ಲಗೆ ಕೇಳಿದರು, "ಯಾರು ಹೋದ್ರು?"

ನನಗೆ ತಲೆಬುಡ ತಿಳಿಯಲಿಲ್ಲ. ಅವನು ನನ್ನ ಕಿವಿಯಲ್ಲಿ ಹೇಳಿದ, "ನಮ್ಮಲ್ಲಿ ಒಂದು ಗುಂಡು ಅಂದ್ರೆ ಹುಟ್ಟು. ಎರಡು ಅಂದ್ರೆ ಸಾವು."

ಆಪರೇಷನ್ ಆದ ಎದೆ ಅದು. ನಾನು ಫೋನು ಕಿತ್ತುಕೊಂಡೆ. "ಯಾರೂ ಹೋಗಿಲ್ಲ ಮಾವ. ಎರಡನೇದು ಟೀವಿ."

"ಸುಳ್ಳು ಹೇಳಿ ಸಮಾಧಾನ ಮಾಡ್ಬೇಡಮ್ಮ. ಮಗು ಅಳೋದು ಕೇಳಿಸು."

ಮಗು ಗೊರಕೆ ಹೊಡೆಯುತ್ತಿತ್ತು. ನರ್ಸ್ ಬೇಡ ಬೇಡ ಅನ್ನುತ್ತಿದ್ದಂತೆ ಅಂಗಾಲಿಗೆ ಕಚಗುಳಿ ಇಟ್ಟೆ. ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸಣ್ಣಗೆ ಚಿವುಟಿದೆ. ಆಗ ಕೂಗಿತು ನೋಡಿ, ವಾರ್ಡಿನ ಮಕ್ಕಳೆಲ್ಲ ಎದ್ದು ಜೊತೆ ಕೊಟ್ಟವು.

ಮುದುಕರು ಆ ಅಳುವನ್ನು ಸುಮ್ಮನೆ ಕೇಳುತ್ತ ಕೂತರು, ಸಾಕು ಅನ್ನಲೇ ಇಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಮಗನನ್ನು ಕರೆದರು.

"ಕೆನಡಾಕ್ಕೆ ಹೋದ ಮೇಲೆ ಅಲ್ಲಿ ಸರ್ಕಾರದವರಿಗೆ ನಾನು ಹೇಳ್ದೆ ಅಂತ ಹೇಳು. ಆ ನಿಷೇಧದ ಪಟ್ಟಿಗೆ ಮೊದ್ಲು ಟೀವಿ ಸೇರಿಸ್ಲಿ."